ರೈಡ್ ಮುಂದೆ ಎರಡು ಗಂಟೆ ಕ್ಯೂ: ಫಾಸ್ಟ್‌ಟ್ರ್ಯಾಕ್ ಬಿಟ್ಟು ಬೇರೆ ದಾರಿ ಇದೆಯಾ?

ಮಂಡ್ಯದ ಸೊಸೆ

ದಸರಾ ರಜೆಗೆ ಬಿಡದಿ ಹತ್ತಿರದ ವಂಡರ್‌ಲಾಗೆ ಹೋಗೋಣ ಅಂತ ಮನೇಲಿ ಮಾತಾಗಿದೆ. ಅತ್ತೆ, ಮಾವ, ನಾದಿನಿ ಸಂಸಾರ, ನಾವು ನಾಲ್ಕು ಜನ. ಮಗಳಿಗೆ ಹದಿಮೂರು, ರೋಲರ್ ಕೋಸ್ಟರ್ ಅಂದ್ರೆ ಊಟ ಬಿಟ್ಟು ಓಡ್ತಾಳೆ. ಮಗನಿಗೆ ಏಳು.

ಯಾಕೆ ಕೇಳ್ತಿದೀನಿ ಅಂದ್ರೆ, ಹೋದ ಬೇಸಿಗೇಲಿ ಬೇರೆ ರಾಜ್ಯದ ಒಂದು ಪಾರ್ಕಿಗೆ ಹೋಗಿದ್ವಿ. ಹೆಸರು ಬೇಡ. ಕ್ಯೂಗೆ ಅಂತ ಅಂಕುಡೊಂಕಾಗಿ ಕಬ್ಬಿಣದ ಕಂಬಿ ಹಾಕಿದ್ರು, ಮೇಲೆ ಅರ್ಧಕ್ಕೆ ಮಾತ್ರ ಶೀಟು. ಬಿಸಿಲಲ್ಲಿರೋ ಕಂಬಿ ಮುಟ್ಟಿದ್ರೆ ಕೈ ಚುರ್ ಅನ್ನೋದು. ಎಷ್ಟು ಹೊತ್ತಾಗುತ್ತೆ ಅಂತ ಹೇಳೋರೇ ಇಲ್ಲ. ಅಂತೂ ಗೇಟಿನ ಹತ್ರ ಬಂದ್ವಿ ಅನ್ನೋವಾಗ, ನಮ್ಮ ಮುಂದೆ ಒಬ್ಬನೇ ನಿಂತಿದ್ದ ಹುಡುಗನ ಕಡೆಯೋರು ಒಂದು ಗುಂಪೇ ಕಂಬಿ ಕೆಳಗೆ ನುಸುಳಿ ಬಂತು. "ನಮ್ಮೋರು ಮುಂದೆ ಇದಾರೆ, ಸ್ವಲ್ಪ ಜಾಗ ಬಿಡಿ" ಅಂತ. ಅವರು ಹತ್ತಿದ್ರು, ಆ ಸುತ್ತು ಭರ್ತಿ ಆಯ್ತು. ಗೇಟಲ್ಲಿದ್ದ ಕೆಲಸದ ಹುಡುಗ ಒಂದು ಮಾತೂ ಕೇಳಲಿಲ್ಲ. ಮಗಳು ಅಲ್ಲೇ ಅತ್ತುಬಿಟ್ಲು.

ಈ ಸಲ ಹಂಗಾಗಬಾರದು. ಜಾಸ್ತಿ ದುಡ್ಡು ಕೊಟ್ಟು ಬೇರೆ ಸಾಲಲ್ಲಿ ಬೇಗ ಹತ್ತೋ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಎಲ್ರಿಗೂ ತಗೊಂಡ್ರೆ ಖರ್ಚು ಕೈ ಮೀರುತ್ತೆ. ಅದಿಲ್ಲದೆ ನೆಮ್ಮದಿಯಾಗಿ ಆಡಿಕೊಂಡು ಬರೋಕಾಗುತ್ತಾ? ಹೋಗಿ ಬಂದೋರು ಹೇಳಿ.

ಬಿಡದಿ ಬಸ್ಸು

ಅಕ್ಕಾ, ರಜೆ ಬಿಟ್ಟು ಬೇರೆ ದಿನ ಹೋಗೋಕಾದ್ರೆ ಅರ್ಧ ಸಮಸ್ಯೆ ಅಲ್ಲೇ ಮುಗೀತು. ಆಗಲ್ಲ ಅಂದ್ರೆ ಮಂಗಳವಾರ, ಬುಧವಾರ ನೋಡಿ. ಶನಿವಾರ, ಭಾನುವಾರ ಬೇಡವೇ ಬೇಡ. ಜೂನ್, ಜುಲೈಯಲ್ಲಿ ಶಾಲೆ ಶುರುವಾದ ಮೇಲೆ, ಜಿಟಿಜಿಟಿ ಮಳೆ ಇರೋ ವಾರದ ದಿನ ಅಂದ್ರೆ ನನ್ನ ಪ್ರಕಾರ ಅದಕ್ಕಿಂತ ಒಳ್ಳೆ ಕಾಲ ಇಲ್ಲ.

ನಾದಿನಿ ಮನೆಯೋರು ಬೆಂಗಳೂರಿಂದ ಬರೋದಾದ್ರೆ ಚಲ್ಲಘಟ್ಟದ ತನಕ ಮೆಟ್ರೋ ಇದೆ, 2023ರ ಅಕ್ಟೋಬರ್‌ನಿಂದ. ಅಲ್ಲಿಂದ ಬಸ್ಸು ಹಿಡಿಯಬಹುದು. ಗೇಟು ತೆಗೆಯೋಕೆ ಮುಂಚೆ ಅಲ್ಲಿರಬೇಕು. ಟಿಕೆಟ್ ಆನ್‌ಲೈನಲ್ಲಿ ಮಾಡಿಸಿಟ್ಕೊಳ್ಳಿ, ಕೌಂಟರ್ ಮುಂದೆ ಇನ್ನೊಂದು ಕ್ಯೂ ಯಾಕೆ?

ಟೂರ್ ಟೀಚರ್

ವಾರದ ದಿನ ಅಂದ ಮಾತ್ರಕ್ಕೆ ಖಾಲಿ ಇರುತ್ತೆ ಅಂತ ನಂಬಬೇಡಿ. ನವೆಂಬರ್ ಕೊನೆಯಿಂದ ಜನವರಿವರೆಗೆ ನಮ್ಮ ಶಾಲಾ ಪ್ರವಾಸಗಳ ಕಾಲ. ಶಾಲೆಗಳು ಟೂರಿಗೆ ಹೊರಡೋದೇ ವಾರದ ದಿನ. ಪಾರ್ಕಿಂಗಿನಲ್ಲಿ ಸಾಲು ಸಾಲು ಬಸ್ಸು ಕಂಡರೆ ಅವತ್ತು ಭಾನುವಾರಕ್ಕಿಂತ ಏನೂ ಕಮ್ಮಿ ಇರಲ್ಲ. ದಸರಾ ರಜೆಯಲ್ಲಿ ನಮ್ಮ ಕಾಟ ಇರಲ್ಲ, ಅಷ್ಟು ಒಳ್ಳೆಯದು.

ಇನ್ನೊಂದು ಮಾತು, ಅನುಭವದಿಂದ: ಮಕ್ಕಳನ್ನ ಉದ್ದ ಕ್ಯೂಗೆ ಸೇರಿಸೋ ಮುಂಚೆ ಶೌಚಾಲಯಕ್ಕೆ ಕರ್ಕೊಂಡು ಹೋಗಿ, ನೀರು ಕುಡಿಸಿ. ಅರ್ಧ ದಾರೀಲಿ ಮಗು "ಮಿಸ್, ಅರ್ಜೆಂಟು" ಅಂದರೆ ಜಾಗ ಕಳ್ಕೊಂಡು ಹೊರಗೆ ಬರಬೇಕು, ಇಲ್ಲ ಮಗು ತಡ್ಕೊಂಡು ನಿಲ್ಲಬೇಕು. ಎರಡೂ ಕಷ್ಟ.

ಲೆಕ್ಕದ ಮೇಷ್ಟ್ರು

ಎಲ್ಲರೂ ಕ್ಯೂ ಎಷ್ಟು ಉದ್ದ ಇದೆ ಅಂತ ನೋಡ್ತಾರೆ. ನೋಡಬೇಕಾದ್ದು ಆ ಆಟ ಗಂಟೆಗೆ ಎಷ್ಟು ಜನರನ್ನ ಕೂರಿಸುತ್ತೆ ಅನ್ನೋದನ್ನ. ಇದು ಗೊತ್ತಾದರೆ ಇಡೀ ದಿನದ ಯೋಜನೆ ತಾನಾಗಿ ಕೂರುತ್ತೆ. ಸ್ವಲ್ಪ ವಿವರವಾಗಿ ಬರೀತೀನಿ.

ಕ್ಯೂಗೆ ಸೇರೋ ಮುಂಚೆ ಹೊರಗಡೆ ನಿಂತು ಒಂದೇ ಒಂದು ಸುತ್ತು ಗಮನಿಸಿ. ಉದಾಹರಣೆಗೆ ಉಯ್ಯಾಲೆ ಥರ ತೂಗೋ ಆಟ, 24 ಸೀಟು. ಗೇಟು ತೆಗೆದು ಜನ ಒಳಗೆ ಬಿಟ್ಟಾಗ ಫೋನಲ್ಲಿ ಗಡಿಯಾರ ಒತ್ತಿ. ಕೂತರು, ಬೆಲ್ಟ್ ಹಾಕಿದರು, ತೂಗಿತು, ಇಳಿದರು, ಮುಂದಿನವರಿಗೆ ಗೇಟು ತೆಗೀತು. ಐದು ನಿಮಿಷ ಅಂದ್ಕೊಳ್ಳಿ. ಗಂಟೆಗೆ 12 ಸುತ್ತು, 288 ಜನ. ನಿಮ್ಮ ಮುಂದೆ 120 ಜನ ಇದ್ದರೆ ಐದು ಸುತ್ತು, 25 ನಿಮಿಷ. ಅದೇ 120 ಜನ ಎಂಟು ಸೀಟಿನ ಆಟದ ಮುಂದೆ ನಿಂತಿದ್ದರೆ? 15 ಸುತ್ತು, ಒಂದೂಕಾಲು ಗಂಟೆ. ಕಣ್ಣಿಗೆ ಎರಡೂ ಕ್ಯೂ ಒಂದೇ ಉದ್ದ.

ಆದ್ದರಿಂದ ಬೆಳಗ್ಗೆ ಮೊದಲು ಹೋಗಬೇಕಾದ್ದು ಸೀಟು ಕಮ್ಮಿ ಇರೋ, ಆದರೆ ಎಲ್ಲರಿಗೂ ಬೇಕಾದ ಆಟಕ್ಕೆ. ವಂಡರ್‌ಲಾದ ರೀಕಾಯಿಲ್ ಅನ್ನೋ ರೋಲರ್ ಕೋಸ್ಟರ್ ತಗೊಳ್ಳಿ. ಮುಂದಕ್ಕೆ ಹೋಗಿ ಅದೇ ಹಳಿ ಮೇಲೆ ಹಿಮ್ಮುಖವಾಗಿ ವಾಪಸ್ ಬರುತ್ತೆ. ಅಂಥ ಹಳಿ ಮೇಲೆ ಒಂದೇ ಟ್ರೈನು ಓಡಿಸೋಕೆ ಸಾಧ್ಯ. ಅದು ವಾಪಸ್ ಬಂದು ನಿಂತು, ಜನ ಇಳಿದು, ಹೊಸಬರು ಹತ್ತೋವರೆಗೆ ಹಳಿ ಖಾಲಿ. ಸುತ್ತಿ ಬರೋ ಹಳಿಯಾದರೆ ಒಂದು ಟ್ರೈನು ಮೇಲಿರುವಾಗ ಇನ್ನೊಂದಕ್ಕೆ ಜನ ಹತ್ತಿಸಬಹುದು. ವೇವ್ ಪೂಲ್, ರೈನ್ ಡಿಸ್ಕೋ ಥರದವಕ್ಕೆ ನೂರಾರು ಜನ ಒಟ್ಟಿಗೆ ಇಳಿಯಬಹುದು, ಅವು ಮಧ್ಯಾಹ್ನಕ್ಕಿರಲಿ.

ಇದರ ಹಿಂದಿನ ಶಾಸ್ತ್ರ ಹಳೇದು. ಡೆನ್ಮಾರ್ಕಿನ ಎ.ಕೆ. ಎರ್ಲಾಂಗ್ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡ್ತಾ 1909ರಲ್ಲಿ ಟೆಲಿಫೋನ್ ಕರೆಗಳ ದಟ್ಟಣೆ ಬಗ್ಗೆ ಪ್ರಬಂಧ ಬರೆದ. ಸಾಲಿನ ಗಣಿತ ಬೆಳೆದದ್ದು ಅಲ್ಲಿಂದ. 1961ರಲ್ಲಿ ಜಾನ್ ಲಿಟಲ್ ಒಂದು ಸರಳ ಸೂತ್ರವನ್ನ ಸಾಬೀತು ಮಾಡಿದ: ಸಾಲಿನಲ್ಲಿರೋ ಜನ ಅಂದರೆ ಗಂಟೆಗೆ ಬಂದು ಸೇರೋ ಜನ ಗುಣಿಸು ಒಬ್ಬೊಬ್ಬರು ಸರಾಸರಿ ಕಾಯೋ ಸಮಯ. ನಾವು ಹೊರಗೆ ನಿಂತು ಮಾಡಿದ ಲೆಕ್ಕ ಅದನ್ನೇ ತಿರುಗಿಸಿದ್ದು: ಸಾಲಿನಲ್ಲಿರೋ ಜನರನ್ನ ಗಂಟೆಗೆ ಹತ್ತೋ ಜನರಿಂದ ಭಾಗಿಸಿದರೆ ಕಾಯೋ ಸಮಯ.

ಹಳೇ ಆಪರೇಟರ್

ನಾನು ಕೆಲವು ವರ್ಷ ಒಂದು ಪಾರ್ಕಿನಲ್ಲಿ ರೈಡ್ ಆಪರೇಟರ್ ಆಗಿದ್ದೆ. ಮೇಷ್ಟ್ರು ಹೇಳಿದ ಐದು ನಿಮಿಷದಲ್ಲಿ ಆಟ ಓಡೋದು ಎರಡು ನಿಮಿಷ ಇರಬಹುದು ಅಷ್ಟೆ. ಮಿಕ್ಕಿದ್ದೆಲ್ಲ ಹತ್ತಿಸಿ ಇಳಿಸೋ ಹೊತ್ತು. ಪ್ರತಿ ಸೀಟಿನ ಮುಂದೆ ನಿಂತು ಹೆಗಲ ಮೇಲಿನ ಕಂಬಿ ಕೆಳಗೆ ಒತ್ತಿ, ಮೇಲಕ್ಕೆ ಎಳೆದು ನೋಡಬೇಕು, ಬೆಲ್ಟ್ ಎಳೆದು ನೋಡಬೇಕು. ಆಮೇಲೆ ಹೆಬ್ಬೆರಳು ಎತ್ತಬೇಕು. ಎರಡೂ ಬದಿಯವರು ಎತ್ತಿದ ಮೇಲೇನೇ ಒಳಗಿರೋನು ಗುಂಡಿ ಒತ್ತೋದು. ಅದರಲ್ಲಿ ಅವಸರ ಮಾಡೋ ಹಾಗೇ ಇಲ್ಲ. ಕ್ಯೂನಲ್ಲಿರೋರು "ಬೇಗ ಬೇಗ" ಅಂತ ಕೂಗೋದು ನೋಡಿದ್ದೀನಿ. ದಯವಿಟ್ಟು ಕೂಗಬೇಡಿ. ಆ ಹುಡುಗ ಒಂದು ಬೆಲ್ಟ್ ಬಿಟ್ಟರೆ ಏನಾಗುತ್ತೆ ಅಂತ ಯೋಚಿಸಿ.

ಆದರೆ ತಡ ಆಗೋದು ಬೇರೆ ಕಡೆ, ಅದು ನಿಮ್ಮ ಕೈಲಿದೆ. ಸೀಟಿನ ಹತ್ರ ಬಂದ ಮೇಲೆ ಚಪ್ಪಲಿ ಬಿಚ್ಚೋದು, ಜೇಬಿಂದ ಫೋನು ತೆಗೆಯೋದು, ಕನ್ನಡಕ ಯಾರಿಗೆ ಕೊಡೋದು ಅಂತ ಹುಡುಕೋದು, "ಅಲ್ಲಿ ಬೇಡ, ನಾವು ಆರು ಜನ ಒಟ್ಟಿಗೇ ಕೂರ್ತೀವಿ" ಅಂತ ವಾದ ಮಾಡೋದು. 24 ಸೀಟಿನ ಆಟ ನಾಲ್ಕು ನಿಮಿಷಕ್ಕೊಂದು ಸುತ್ತು ಹೊಡೀತಿದ್ದರೆ ಗಂಟೆಗೆ 360 ಜನ. ಸುತ್ತಿಗೆ ಅರ್ಧ ನಿಮಿಷ ಹೆಚ್ಚಾದರೆ 320. ನಲವತ್ತು ಜನ ಹಿಂದೆ ಉಳಿದರು. ಕ್ಯೂನಲ್ಲಿರುವಾಗಲೇ ಎಲ್ಲ ಒಂದು ಚೀಲಕ್ಕೆ ಹಾಕಿ, ಆಟ ಆಡದವರ ಕೈಗೆ ಕೊಟ್ಟು ಬನ್ನಿ. ಅತ್ತೆ, ಮಾವ ಇದ್ದಾರಲ್ಲ, ನೆರಳಲ್ಲಿ ಕೂತು ಅವರು ನೋಡ್ಕೊಳ್ತಾರೆ.

ನುಸುಳಿ ಬರೋರ ವಿಷಯ: ಗೇಟಲ್ಲಿರೋ ಹುಡುಗನಿಗೆ ನೇರವಾಗಿ ಹೇಳಿ, ಜಗಳ ನೀವು ಮಾಡಬೇಡಿ. ಅವನು ಕೇಳಲಿಲ್ಲ ಅಂದರೆ ಸೂಪರ್‌ವೈಸರ್‌ನ ಕರೆಸಿ ಅನ್ನಿ. ಅಕ್ಕಪಕ್ಕದ ನಾಲ್ಕು ಜನ ದನಿಗೂಡಿಸಿದರೆ ಸಾಕು, ಗುಂಪು ಹಿಂದಕ್ಕೆ ಹೋಗುತ್ತೆ. ಎಲ್ಲರೂ ಮುಖ ತಿರುಗಿಸಿ ನಿಂತಾಗ ಮಾತ್ರ ಅವರಿಗೆ ಧೈರ್ಯ.

ವೀಕೆಂಡ್ ಅಪ್ಪ

ಎಲ್ಲ ಸರಿ, ಆದರೆ ನಮ್ಮಂಥವರಿಗೆ ಸಿಗೋದೇ ಭಾನುವಾರ. ವಾರವಿಡೀ ದುಡಿದು ಮಗಳ ಜೊತೆ ಒಂದು ದಿನ ಸಿಕ್ಕಾಗ ಅದನ್ನ ಕಂಬಿ ಮಧ್ಯೆ ಕಳೆಯೋಕೆ ಮನಸ್ಸಿಲ್ಲ. ಫಾಸ್ಟ್‌ಟ್ರ್ಯಾಕ್ ತಗೋತೀನಿ. ತಪ್ಪೇನು? ತಿರುಪತಿಯಲ್ಲಿ 300 ರೂಪಾಯಿ ವಿಶೇಷ ಪ್ರವೇಶ ದರ್ಶನ ಇಲ್ವಾ? ದೇವರ ಮುಂದೆಯೇ ಎರಡು ಸಾಲು ಒಪ್ಕೊಂಡವರು ಜೈಂಟ್ ವೀಲ್ ಮುಂದೆ ಯಾಕೆ ತಕರಾರು?

ಹುಬ್ಬಳ್ಳಿ ಹುಡುಗ

ಹಂಗಲ್ರಿ ಅಣ್ಣಾರ. ನಿಮ್ಮ ಮಗಳ ಜೋಡಿ ಒಂದ ದಿನ ಸಿಗೂದು ನಿಮಗ ದೊಡ್ಡದು, ಒಪ್ಪಿದೆ. ಬಿಸಿಲಾಗ ನಿಂತಾಂವಗೂ ಅದ ಒಂದ ದಿನ ಸಿಕ್ಕಿರ್ತೈತಿ. ಅಂವಾ ವರ್ಷಾನುಗಟ್ಟಲೆ ರೊಕ್ಕ ಕೂಡಿಸಿ ಹುಬ್ಬಳ್ಳಿಯಿಂದ ರಾತ್ರಿ ರೈಲಿಗೆ ಬಂದಿರ್ತಾನ. ಒಳಗ ಬರಾಕ ಅಂವಾನೂ ಟಿಕೆಟ್ ತಗೊಂಡಾನ. ಟಿಕೆಟ್ ತಗೊಂಡ ಮ್ಯಾಲೆ ಒಳಗ ಮತ್ತ ರೊಕ್ಕ ಕೊಟ್ಟಾಂವ ಮುಂದ, ಕೊಡಲಾರದಾಂವ ಹಿಂದ ಅಂದ್ರ ಅದು ಸರಿ ಅನ್ಸಂಗಿಲ್ಲ ನನಗ.

ಮತ್ತ ತಿರುಪತಿ ಮಾತ ಪೂರ್ತಿ ಹೇಳ್ರಿ. ಅಲ್ಲಿ ರೊಕ್ಕ ಕೊಡಲಾರದವರಿಗೂ ಸರ್ವದರ್ಶನದ ಪುಕ್ಕಟೆ ಟೋಕನ್ ಕೊಡ್ತಾರ, ಇಂಥಾ ಹೊತ್ತಿಗೆ ಬರ್ರಿ ಅಂತ ಬರದಿರ್ತೈತಿ. ನಮ್ಮ ಪಾರ್ಕಿನವರು ಅದನ್ನ ಯಾಕ ಮಾಡಬಾರದು?

ಲೆಕ್ಕದ ಮೇಷ್ಟ್ರು

ಹುಬ್ಬಳ್ಳಿಯವರ ಮಾತಿಗೆ ಲೆಕ್ಕದ ಬೆಂಬಲ ಇದೆ. ಒಂದು ಆಟ ಗಂಟೆಗೆ 480 ಜನರನ್ನ ಕೂರಿಸುತ್ತೆ ಅಂತಿಟ್ಕೊಳ್ಳಿ. ಸಾಮಾನ್ಯ ಸಾಲಿನಲ್ಲಿ 240 ಜನ. ಬೇರೆ ಸಾಲೇ ಇಲ್ಲದಿದ್ದರೆ ಕೊನೆಯವನು ಕಾಯೋದು ಅರ್ಧ ಗಂಟೆ. ಅರ್ಧ ಸೀಟು ದುಡ್ಡು ಕೊಟ್ಟವರಿಗೆ ಹೋದರೆ ಒಂದು ಗಂಟೆ. ಮುಕ್ಕಾಲು ಪಾಲು ಹೋದರೆ ಎರಡು ಗಂಟೆ. ವೇಗದ ಸಾಲು ಬಂತು ಅಂತ ಆಟದಲ್ಲಿ ಒಂದು ಸೀಟೂ ಹೆಚ್ಚಾಗಲ್ಲ. ಅಲ್ಲಿ ಉಳಿದ ನಿಮಿಷ ಇಲ್ಲಿ ನಿಂತವರ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಎಷ್ಟು ಫಾಸ್ಟ್‌ಟ್ರ್ಯಾಕ್ ಮಾರ್ತಾರೆ ಅನ್ನೋದೇ ಮುಖ್ಯ ಪ್ರಶ್ನೆ. ಬೆಲೆ ಆಮೇಲಿನ ಮಾತು.

ಫ್ಲೋರಿಡಾ ಕನ್ನಡಿಗ

ಪುಕ್ಕಟೆ ಟೋಕನ್ ಅಂದಿರಲ್ಲ, ಡಿಸ್ನಿಯವರು ಶುರು ಮಾಡಿದ್ದೇ ಹಾಗೆ. ನಾನಿರೋದು ಒರ್ಲ್ಯಾಂಡೋ ಹತ್ತಿರ, ಊರಿಂದ ಯಾರೇ ಬಂದರೂ ಪಾರ್ಕಿಗೆ ಕರ್ಕೊಂಡು ಹೋಗೋದು ನನ್ನ ಪಾಲಿನ ಕೆಲಸ. 1999ರಲ್ಲಿ ಫಾಸ್ಟ್‌ಪಾಸ್ ಬಂದಾಗ ಅದಕ್ಕೆ ಒಂದು ಪೈಸೆ ಇರಲಿಲ್ಲ. ಆಟದ ಮುಂದಿನ ಯಂತ್ರಕ್ಕೆ ನಿಮ್ಮ ಟಿಕೆಟ್ ಹಾಕಿದರೆ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯೊಳಗೆ ಬನ್ನಿ ಅಂತ ಚೀಟಿ ಬರ್ತಿತ್ತು. ಅಲ್ಲಿವರೆಗೆ ಬೇರೆ ಆಟ ಆಡ್ಕೊಳ್ಳಬಹುದಿತ್ತು. ಬಡವ, ಬಲ್ಲಿದ ಎಲ್ಲರಿಗೂ ಒಂದೇ ಚೀಟಿ. ಕೊರೊನಾ ಹೊತ್ತಲ್ಲಿ ನಿಂತಿತು. 2021ರ ಅಕ್ಟೋಬರ್‌ನಲ್ಲಿ ಜೀನಿ ಪ್ಲಸ್ ಅಂತ ಅದೇ ಸೌಲಭ್ಯ ದುಡ್ಡಿಗೆ ಬಂತು. 2024ರ ಜುಲೈಯಲ್ಲಿ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್, ಸಿಂಗಲ್ ಪಾಸ್ ಅಂತ ಹೆಸರು ಬದಲಾಯಿತು. ದರ ದಿನದಿಂದ ದಿನಕ್ಕೆ ಬೇರೆ ಬೇರೆ, ರಜೆ ಬಂದರೆ ಏರುತ್ತೆ. ಉಚಿತವಾಗಿ ಕೊಡೋಕೆ ಬರಲ್ಲ ಅನ್ನೋದು ಸುಳ್ಳು, ಇಪ್ಪತ್ತು ವರ್ಷ ಕೊಟ್ಟಿದ್ದಾರೆ.

ದುಡ್ಡು ಕೊಡದೆ ಇಲ್ಲಿ ನಾವು ಮಾಡೋದು ಹೇಳ್ತೀನಿ. ಗೇಟು ತೆಗೆಯೋ ಹೊತ್ತಿಗೆ ಹಾಜರು. ಡಿಸ್ನಿ ಹೋಟೆಲಿನಲ್ಲಿ ಉಳಿದವರಿಗೆ ಅರ್ಧ ಗಂಟೆ ಮೊದಲೇ ಪ್ರವೇಶ ಇದೆ. ಮೊದಲ ಒಂದು ಗಂಟೆಯಲ್ಲಿ ಮುಗಿಸಿದ್ದನ್ನ ಮಧ್ಯಾಹ್ನದ ಹೊತ್ತು ಮೂರು ಗಂಟೆ ಕಾಲ ನಿಂತರೂ ಮುಗಿಸೋಕಾಗಲ್ಲ. ಎರಡನೇದು, ಒಬ್ಬೊಬ್ಬರೇ ಕೂರೋಕೆ ತಯಾರಿದ್ದರೆ ಕೆಲವು ಆಟಗಳಿಗೆ ಸಿಂಗಲ್ ರೈಡರ್ ಸಾಲು ಇರುತ್ತೆ. ನಾಲ್ಕು ಸೀಟಿನ ಸಾಲಿಗೆ ಮೂವರ ಕುಟುಂಬ ಕೂತಾಗ ಉಳಿದ ಒಂದು ಸೀಟಿಗೆ ಆ ಸಾಲಿನಿಂದ ಒಬ್ಬರನ್ನ ಕರೀತಾರೆ. ಸೀಟೂ ಖಾಲಿ ಹೋಗಲ್ಲ, ಸಮಯವೂ ಉಳಿಯುತ್ತೆ. ಸಿಂಗಾಪುರದ ಯೂನಿವರ್ಸಲ್ ಪಾರ್ಕಿನಲ್ಲೂ ಇಂಥ ಸಾಲು ನೋಡಿದ್ದೀನಿ. ಹದಿಮೂರು ವರ್ಷದ ಮಗಳಿಗೆ ಹೇಳಿ ಮಾಡಿಸಿದ್ದು. ನಮ್ಮೂರ ಪಾರ್ಕುಗಳೂ ಎಲ್ಲ ಕೋಸ್ಟರಿಗೂ ಇದನ್ನ ಮಾಡಬೇಕು ಅಂತ ನನ್ನ ಆಸೆ.

ಮತ್ತೆ, ಹೊಸ ಆಟ ಶುರುವಾದ ವಾರ ಆ ಕಡೆ ತಲೆ ಹಾಕಬೇಡಿ. 2019ರ ಜೂನ್ 13ಕ್ಕೆ ಇಲ್ಲಿ ಒರ್ಲ್ಯಾಂಡೋದ ಯೂನಿವರ್ಸಲ್‌ನಲ್ಲಿ ಹ್ಯಾಗ್ರಿಡ್ ಮೋಟರ್‌ಬೈಕ್ ಕೋಸ್ಟರ್ ಶುರುವಾದಾಗ ಕ್ಯೂ ಹತ್ತು ಗಂಟೆ ಮುಟ್ಟಿತ್ತು.

ವೀಕೆಂಡ್ ಅಪ್ಪ

ಉಚಿತ ಟೋಕನ್ ಕೊಟ್ಟರೆ ನನಗೂ ಬೇಡ ಫಾಸ್ಟ್‌ಟ್ರ್ಯಾಕ್, ನಿಜವಾಗಿ. ನನಗೆ ಬೇಕಾಗಿರೋದು ಮುಂದೆ ಹೋಗೋದಲ್ಲ, ಮಗಳ ಜೊತೆ ಒಂದು ಕಡೆ ಕೂತು ಐಸ್‌ಕ್ರೀಂ ತಿಂದು, ನಮ್ಮ ಹೊತ್ತಿಗೆ ಹೋಗಿ ಹತ್ತೋದು.

ಪುತ್ತೂರು ಅಮ್ಮ

ಇಷ್ಟು ಹೊತ್ತು ಓದ್ತಾ ಇದ್ದೆ, ಒಂದು ವಿಷಯ ಹೇಳಲೇಬೇಕು. ನನ್ನ ಮಗನಿಗೆ ಆಟಿಸಂ ಉಂಟು. ಅವನಿಗೆ ಆಟ ಅಂದ್ರೆ ಜೀವ, ಕೋಸ್ಟರಿಗೆ ಹೆದರುವುದೇ ಇಲ್ಲ. ಆದ್ರೆ ಎರಡೂ ಬದಿ ಕಂಬಿ, ಹಿಂದೆ ಮುಂದೆ ಜನ, ಸ್ಪೀಕರಿನ ಗದ್ದಲ, ಅದರ ಮಧ್ಯೆ ಅರ್ಧ ಗಂಟೆ ನಿಲ್ಲುವುದು ಅವನಿಂದ ಆಗುವುದಿಲ್ಲ. ಕಿವಿ ಮುಚ್ಚಿ ನೆಲದಲ್ಲಿ ಕೂತುಬಿಡುತ್ತಾನೆ. ಒಮ್ಮೆ ಒಂದು ಪಾರ್ಕಿನಲ್ಲಿ ಹಿಂದಿದ್ದವರು "ಹಠಮಾರಿ ಮಗು, ಕರ್ಕೊಂಡು ಬರುವುದು ಯಾಕೆ" ಅಂತ ನನಗೆ ಕೇಳುವ ಹಾಗೇ ಹೇಳಿದರು.

ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಇಂಥ ಮಕ್ಕಳಿಗೆ ಒಂದು ವ್ಯವಸ್ಥೆ ಉಂಟು. ಮೊದಲೇ ವಿಡಿಯೋ ಕರೆಯಲ್ಲಿ ಮಾತಾಡಿ ನೋಂದಣಿ ಮಾಡಿಸಬೇಕು. ಆಮೇಲೆ ಕ್ಯೂ ಎಷ್ಟು ಉದ್ದ ಉಂಟೋ ಸುಮಾರು ಅಷ್ಟೇ ಹೊತ್ತು ಬಿಟ್ಟು ಬನ್ನಿ ಅಂತ ಸಮಯ ಕೊಡುತ್ತಾರೆ. ಅಂದ್ರೆ ಯಾರ ಪಾಳಿಯನ್ನೂ ಕಸಿಯುವುದಿಲ್ಲ. ಕಾಯುವುದು ಕಾಯಲೇಬೇಕು, ಕಾಯುವ ಜಾಗ ಮಾತ್ರ ಬೇರೆ. ಅದನ್ನೂ ದುರುಪಯೋಗ ಮಾಡಿದವರು ಇದ್ದಾರೆ, 2013ರಲ್ಲಿ ಹಳೆಯ ಕಾರ್ಡು ತೆಗೆದು ಹೊಸ ನಿಯಮ ತಂದದ್ದು ಅದಕ್ಕೇ. 2024ರಲ್ಲಿ ಇನ್ನೂ ಬಿಗಿ ಮಾಡಿದರು.

ನಮ್ಮ ದೇಶದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಯುಡಿಐಡಿ ಅಂತ ಅಂಗವಿಕಲರ ಗುರುತಿನ ಕಾರ್ಡ್ ಕೊಡುತ್ತಾರೆ. ನಾನು ಅದನ್ನು ಕುತ್ತಿಗೆಗೆ ಹಾಕುವ ಚೀಲದಲ್ಲಿ ಇಟ್ಟುಕೊಂಡೇ ಹೋಗುವುದು. ಗೇಟಿನ ಹತ್ತಿರ ತೋರಿಸಿ ಕೇಳಿಕೊಂಡರೆ ಕೆಲವರು ತುಂಬ ಪ್ರೀತಿಯಿಂದ ಪಕ್ಕದ ಬಾಗಿಲಿನಿಂದ ಬಿಡುತ್ತಾರೆ. ಅದು ಆ ಮನುಷ್ಯನ ಒಳ್ಳೆಯತನ ಆಯಿತು. ನನಗೆ ಬೇಕಾದದ್ದು ನಿಯಮ. ಬೋರ್ಡಿನಲ್ಲಿ ಬರೆದಿರಬೇಕು, ಯಾರ ದಯೆಗೂ ಕಾಯುವ ಹಾಗೆ ಇರಬಾರದು.

ಹಳೇ ಆಪರೇಟರ್

ಅಮ್ಮಾ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಗೇಟಲ್ಲಿರೋ ಹುಡುಗರಿಗೆ ಬರವಣಿಗೆಯಲ್ಲಿ ಏನೂ ಇಲ್ಲದಿದ್ದರೆ ಅವರಿಗೂ ಕಷ್ಟ. ಬಿಟ್ಟರೆ ಹಿಂದಿನವರು ಬೈತಾರೆ, ಬಿಡದಿದ್ದರೆ ಮನಸ್ಸು ಒಪ್ಪಲ್ಲ. ಹೋಗೋ ವಾರದ ಮುಂಚೆ ಪಾರ್ಕಿಗೆ ಇಮೇಲ್ ಹಾಕಿ, ಬಂದ ಉತ್ತರ ಫೋನಲ್ಲಿ ಇಟ್ಕೊಳ್ಳಿ. ಗೇಟಲ್ಲಿ ಅದನ್ನ ತೋರಿಸಿದರೆ ಹುಡುಗನಿಗೆ ಬಲ ಬರುತ್ತೆ.

ಟೂರ್ ಟೀಚರ್

ನಾವೆಲ್ಲ ಸೇರಿ ಕೇಳಬೇಕಾದ್ದು ಇನ್ನೂ ಒಂದಿದೆ. ಪ್ರತಿ ಕ್ಯೂನಲ್ಲಿ "ಇಲ್ಲಿಂದ ಸುಮಾರು 30 ನಿಮಿಷ" ಅಂತ ಒಂದು ಬೋರ್ಡು. ಕನ್ನಡದಲ್ಲಿ. ಮೇಲೆ ಪೂರ್ತಿ ನೆರಳು, ಮಧ್ಯೆ ಒಂದು ನಲ್ಲಿ. ಎಷ್ಟು ಹೊತ್ತು ಅಂತ ಗೊತ್ತಿದ್ದರೆ ಮಕ್ಕಳು ಅಂತ್ಯಾಕ್ಷರಿ ಹಾಡ್ಕೊಂಡು ನಿಲ್ತಾರೆ. ಗೊತ್ತಿಲ್ಲದಿದ್ದರೆ ಹತ್ತು ನಿಮಿಷಕ್ಕೇ ತಳ್ಳಾಟ ಶುರು.

ಲೆಕ್ಕದ ಮೇಷ್ಟ್ರು

ಇದನ್ನ ಡೇವಿಡ್ ಮೈಸ್ಟರ್ ಅನ್ನೋರು ಸಾಲಿನಲ್ಲಿ ಕಾಯೋರ ಮನಸ್ಸಿನ ಬಗ್ಗೆ 1985ರಲ್ಲೇ ಬರೆದಿದ್ದಾರೆ: ಎಷ್ಟು ಹೊತ್ತು ಅಂತ ತಿಳಿಯದ ಕಾಯುವಿಕೆ, ಕಾರಣ ಹೇಳದ ಕಾಯುವಿಕೆ, ಅನ್ಯಾಯ ಅನ್ನಿಸೋ ಕಾಯುವಿಕೆ, ಇವು ಇರೋದಕ್ಕಿಂತ ಉದ್ದ ಅನ್ನಿಸುತ್ತವೆ. ಮಂಡ್ಯದ ಅಕ್ಕನ ಮಗಳಿಗೆ ಅವತ್ತು ಮೂರೂ ಒಟ್ಟಿಗೆ ಆಗಿದೆ.

ಮಂಡ್ಯದ ಸೊಸೆ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಪುತ್ತೂರಿನ ಅಕ್ಕಾ, ನಿಮ್ಮ ಮಾತು ಓದಿ ಮನಸ್ಸು ಭಾರ ಆಯ್ತು. ಕ್ಯೂನಲ್ಲಿ ನಿಮ್ಮಂಥ ತಾಯಿ ಕಂಡ್ರೆ ನಾನೇ ಮುಂದೆ ಬಿಡ್ತೀನಿ.

ಬುಧವಾರ ಹೋಗೋದು ಅಂತ ಆಗಿದೆ. ಫಾಸ್ಟ್‌ಟ್ರ್ಯಾಕ್ ತಗೋತಿಲ್ಲ. ಎರಡು ಅನುಮಾನ ಉಳ್ಕೊಂಡಿದೆ. ಮಗನ ಎತ್ತರಕ್ಕೆ ದೊಡ್ಡ ಆಟ ಬಿಡಲ್ಲ ಅಲ್ವಾ? ಹಂಗಾದ್ರೆ ನಾನು, ಯಜಮಾನ್ರು ಇಬ್ರೂ ಬೇರೆ ಬೇರೆಯಾಗಿ ಎರಡು ಸಲ ಕ್ಯೂ ನಿಲ್ಲಬೇಕಾ? ಸಂಜೆ ಮುಚ್ಚೋ ಹೊತ್ತಿಗೆ ಕ್ಯೂಗೆ ಸೇರಿದ್ರೆ ಹತ್ತಿಸ್ತಾರಾ?

ಬಿಡದಿ ಬಸ್ಸು

ದೊಡ್ಡ ಆಟಗಳಿಗೆ 140 ಸೆಂ.ಮೀ. ಕೇಳ್ತಾರೆ ಅಕ್ಕಾ. ವಯಸ್ಸು ನೋಡಲ್ಲ, ಎತ್ತರ ನೋಡ್ತಾರೆ. ಇಬ್ಬರದ್ದೂ ಮನೇಲೇ ಗೋಡೆಗೆ ನಿಲ್ಲಿಸಿ ಅಳೆದುಬಿಡಿ, ಕ್ಯೂ ನಿಂತು ಗೇಟಲ್ಲಿ ವಾಪಸ್ ಬರೋದು ಮಕ್ಕಳಿಗೆ ತುಂಬ ಬೇಜಾರು. ನೀರಿನ ಆಟಕ್ಕೆ ನೈಲಾನ್ ಬಟ್ಟೆ ಮನೆಯಿಂದಲೇ ತನ್ನಿ, ಹತ್ತಿ ಬಟ್ಟೆಗೆ ಬಿಡಲ್ಲ.

ಫ್ಲೋರಿಡಾ ಕನ್ನಡಿಗ

ಮಗನ ವಿಷಯಕ್ಕೆ: ಡಿಸ್ನಿ, ಯೂನಿವರ್ಸಲ್ ಎರಡರಲ್ಲೂ ಅಪ್ಪ ಆಡಿ ಬರೋವರೆಗೆ ಅಮ್ಮ ಮಗುವಿನ ಜೊತೆ ಇದ್ದು, ಆಮೇಲೆ ಮತ್ತೆ ಕ್ಯೂ ನಿಲ್ಲದೆ ಅಮ್ಮ ಹತ್ತಬಹುದು. ಮೊದಲೇ ಗೇಟಲ್ಲಿ ಹೇಳಬೇಕು ಅಷ್ಟೆ. ನಿಮ್ಮ ಜೊತೆ ನಾದಿನಿ ಸಂಸಾರ ಇದೆಯಲ್ಲ, ಒಂದು ಆಟಕ್ಕೆ ಅವರು ಮಗುವನ್ನ ಹಿಡ್ಕೊಳ್ಳಲಿ, ಇನ್ನೊಂದಕ್ಕೆ ನೀವು.

ಮುಚ್ಚೋ ಹೊತ್ತಿನ ವಿಷಯ, ಡಿಸ್ನಿಯಲ್ಲಿ ಮುಚ್ಚೋಕೆ ಒಂದು ನಿಮಿಷ ಮುಂಚೆ ಸಾಲಿಗೆ ಸೇರಿದ್ದರೂ ಹತ್ತಿಸೇ ಕಳಿಸ್ತಾರೆ. ಕೊನೆಯ ಹೊತ್ತಲ್ಲಿ ಬೋರ್ಡಿನ ಮೇಲೆ ಹಾಕಿರೋ ಸಮಯಕ್ಕಿಂತ ಬೇಗ ಮುಗಿಯೋದೇ ಹೆಚ್ಚು.

ಹಳೇ ಆಪರೇಟರ್

ನಾನಿದ್ದ ಕಡೆ ಹಾಗಿರಲಿಲ್ಲ. ಸಾಲಿನಲ್ಲಿ ಎಷ್ಟು ಜನ ಇದ್ದಾರೆ ಅಂತ ನೋಡಿ, ಅಷ್ಟು ಜನ ಮುಗಿಯೋ ಲೆಕ್ಕ ಹಾಕಿ ಕ್ಯೂನ ಬಾಯಿಗೆ ಮೊದಲೇ ಸರಪಳಿ ಹಾಕ್ತಿದ್ವಿ. ಜನ ಜಾಸ್ತಿ ಇದ್ದ ದಿನ ಪಾರ್ಕ್ ಮುಚ್ಚೋಕೆ ಮುಕ್ಕಾಲು ಗಂಟೆ ಮುಂಚೆಯೇ ಬೀಳ್ತಿತ್ತು. ಅದಕ್ಕೆ ಮಧ್ಯಾಹ್ನ ಊಟಕ್ಕೆ ಹೋಗುವಾಗ ಗೇಟಲ್ಲಿರೋ ಹುಡುಗನ ಹತ್ರ "ಇವತ್ತು ಸರಪಳಿ ಎಷ್ಟು ಹೊತ್ತಿಗೆ ಹಾಕ್ತೀರಪ್ಪಾ?" ಅಂತ ಕೇಳಿಟ್ಕೊಳ್ಳಿ. ಅದಕ್ಕಿಂತ ಹತ್ತು ನಿಮಿಷ ಮುಂಚೆ ಬನ್ನಿ. ನೀರಾಟದಿಂದ ಒದ್ದೆಯಾದವರೆಲ್ಲ ಬಟ್ಟೆ ಬದಲಾಯಿಸೋಕೆ ಲಾಕರ್ ಕಡೆ ಹೋಗಿರ್ತಾರೆ, ಕೋಸ್ಟರ್ ಮುಂದೆ ಆಗ ಜನ ಕಮ್ಮಿ. ಮಗಳು ಇನ್ನೊಂದು ಸಲ ಅಂದರೆ ಆಗಲೇ ಹತ್ತಿಸಿ.